ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಕಾಲದಲ್ಲಿ ಪೂರಕಗಳು: ವೈದ್ಯರೊಡನೆ ಆಡಲೇಬೇಕಾದ ಮಾತು

ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಔಷಧಗಳಿರುತ್ತವೆ. ಒಂದು, ಆಸ್ಪತ್ರೆಯ ದಾಖಲೆಯಲ್ಲಿ ಬರೆದಿರುವುದು. ಇನ್ನೊಂದು, ಅಡುಗೆಮನೆಯ ಕಪಾಟಿನಲ್ಲಿರುವುದು: ಊರಿನಿಂದ ಅಕ್ಕ ಕಳುಹಿಸಿದ ಅಮೃತಬಳ್ಳಿಯ ಪುಡಿ, ಭಾರತೀಯ ದಿನಸಿ ಅಂಗಡಿಯಲ್ಲಿ ಕೊಂಡ ಅಶ್ವಗಂಧದ ಗುಳಿಗೆ, ಗೆಳೆಯರು ಹೇಳಿದ ಅರಿಸಿನ ಸತ್ತ್ವದ ಕ್ಯಾಪ್ಸೂಲು, ಮಲ್ಟಿವಿಟಮಿನ್ ಡಬ್ಬಿ. ಮೊದಲನೆಯದನ್ನು ಕೊಡುವ ವೈದ್ಯರಿಗೆ ಎರಡನೆಯದರ ಅರಿವಿರುವುದು ಅಪರೂಪ. ಆದರೆ ರೋಗಿಯ ದೇಹದಲ್ಲಿ ಎರಡೂ ಒಂದೇ ಕರುಳು, ಒಂದೇ ಯಕೃತ್ತು, ಒಂದೇ ಮೂತ್ರಪಿಂಡಗಳ ಮೂಲಕ ಹಾದುಹೋಗುತ್ತವೆ.

ಈ ಎರಡು ಪಟ್ಟಿಗಳನ್ನು ಒಂದೆಡೆ ತರುವುದು ಏಕೆ ಅಗತ್ಯ, ಯಾವ ಪೂರಕ ಯಾವ ಔಷಧದೊಡನೆ ಘರ್ಷಿಸುತ್ತದೆ, ಯಾವ ಕೊರತೆಯನ್ನು ನಿಜವಾಗಿಯೂ ತುಂಬಬೇಕು, ವೈದ್ಯರೊಡನೆ ಈ ಮಾತನ್ನು ಹೇಗೆ ಆರಂಭಿಸಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಯಾವುದೇ ಒಬ್ಬ ರೋಗಿಗೆ ಬರೆದ ಔಷಧಚೀಟಿಯಲ್ಲ. ತಮ್ಮ ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂದು ತಿಳಿಯಲು ಓದುಗರಿಗೆ ನೆರವಾದರೆ ಸಾಕು.

ಪೂರಕ ಮತ್ತು ಪರ್ಯಾಯ

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳ ಜೊತೆಯಲ್ಲಿ ಬಳಸುವುದು ಪೂರಕ. ಅವುಗಳ ಬದಲಿಗೆ ಬಳಸುವುದು ಪರ್ಯಾಯ. ಈ ವ್ಯತ್ಯಾಸ ಜೀವನ್ಮರಣದ್ದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದತ್ತಾಂಶವನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹರಡದ ಹಂತದ ಕ್ಯಾನ್ಸರ್ ಇದ್ದೂ ಪರ್ಯಾಯ ವಿಧಾನವನ್ನಷ್ಟೇ ಆರಿಸಿಕೊಂಡವರನ್ನು ಪ್ರಮಾಣಿತ ಚಿಕಿತ್ಸೆ ಪಡೆದವರೊಡನೆ ಹೋಲಿಸಿತು. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನಲ್ಲಿ ಮೊದಲ ಗುಂಪಿನವರ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು. ಅದೇ ಸಂಶೋಧಕರ ಇನ್ನೊಂದು ಅಧ್ಯಯನ ಅದೇ ವರ್ಷ ಹೊರಬಂದಿತು. ಪ್ರಮಾಣಿತ ಚಿಕಿತ್ಸೆಯೊಡನೆ ಪೂರಕ ವಿಧಾನಗಳನ್ನು ಬಳಸಿದವರಲ್ಲಿಯೂ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇತ್ತು. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು, ಅವರಲ್ಲಿ ಹೆಚ್ಚಿನವರು ಸೂಚಿಸಿದ ಶಸ್ತ್ರಚಿಕಿತ್ಸೆ, ಕೀಮೋ ಅಥವಾ ವಿಕಿರಣದಲ್ಲಿ ಒಂದಲ್ಲ ಒಂದನ್ನು ನಿರಾಕರಿಸಿದ್ದರೆಂಬುದು. ಪೂರಕವಾಗಿ ಆರಂಭವಾದದ್ದು ಮೆಲ್ಲಗೆ ಪರ್ಯಾಯವಾಗಿ ಜಾರುವ ಸಂಭವವನ್ನು ಈ ಫಲಿತಾಂಶ ಸೂಚಿಸುತ್ತದೆ. 'ಮುಂದಿನ ಕೀಮೋ ಬೇಡ, ಈ ಕಷಾಯದಲ್ಲೇ ನೋಡೋಣ' ಎಂಬ ಮಾತು ಮನೆಯಲ್ಲಿ ಮೊದಲ ಬಾರಿ ಕೇಳಿಬಂದ ದಿನವೇ ವೈದ್ಯರೊಡನೆ ಮಾತನಾಡಬೇಕಾದ ದಿನ.

ಮೌನದ ಕಾರಣಗಳು

ರೋಗಿಗಳು ಪೂರಕಗಳ ವಿಷಯವನ್ನು ಮುಚ್ಚಿಡುವುದು ಬಹುಮಟ್ಟಿಗೆ ಕಪಟದಿಂದಲ್ಲ. 'ಇದು ಔಷಧವಲ್ಲ, ಆಹಾರ' ಎಂಬ ನಂಬಿಕೆ ಒಂದು ಕಾರಣ. ವೈದ್ಯರು ಗದರಿಸಬಹುದು ಅಥವಾ ನಮ್ಮ ಪದ್ಧತಿಯನ್ನು ಹಗುರವಾಗಿ ಕಾಣಬಹುದು ಎಂಬ ಅಂಜಿಕೆ ಇನ್ನೊಂದು. ಪರದೇಶದಲ್ಲಿರುವವರಿಗೆ ಭಾಷೆಯ ತೊಡಕೂ ಇದೆ. ಅಮೃತಬಳ್ಳಿ ಎಂದರೆ ಬಾಸ್ಟನ್ನಿನ ಅಥವಾ ಲಂಡನ್ನಿನ ತಜ್ಞರಿಗೆ ಏನೂ ಅರ್ಥವಾಗದು. ಎಲ್ಲಕ್ಕಿಂತ ಆಳವಾದ ಕಾರಣ ಪ್ರೀತಿ. ಕ್ಯಾನ್ಸರ್ ಬಂದಾಗ ಮನೆಯವರ ಕೈಗೆ ಸಿಗುವ ಏಕೈಕ ಕೆಲಸ ಉಣಿಸುವುದು. ತಾಯಿ ಕಾಯಿಸಿ ಕೊಟ್ಟ ಕಷಾಯವನ್ನು ವೈದ್ಯರ ಮುಂದೆ ವಿಚಾರಣೆಗೆ ಇಡುವುದು ಆಕೆಗೇ ಮಾಡಿದ ಅವಮಾನವೆಂದು ಮಗನಿಗೆ ಅನ್ನಿಸುತ್ತದೆ. ಈ ಭಾವನೆಯನ್ನು ಗೌರವಿಸಿಯೇ ಹೇಳಬೇಕಾದ ಮಾತೆಂದರೆ, ಕಷಾಯವನ್ನು ಪಟ್ಟಿಗೆ ಸೇರಿಸುವುದು ತಾಯಿಯನ್ನು ದೂರಿದಂತಲ್ಲ. ಆಕೆಯ ಆರೈಕೆ ಮಗನಿಗೆ ಕೇಡಾಗದಂತೆ ಕಾಯುವುದು ಕೂಡ ಅದರಿಂದಲೇ ಸಾಧ್ಯ.

ಕೀಮೋ ಔಷಧಗಳೊಡನೆ ಘರ್ಷಣೆ

ಕರುಳಿನ ಕ್ಯಾನ್ಸರ್‌ನ ಕೀಮೋಥೆರಪಿಯ ಬೆನ್ನೆಲುಬು ಫ್ಲೋರೋಯುರಾಸಿಲ್ ಮತ್ತು ಅದರ ಮಾತ್ರೆಯ ರೂಪವಾದ ಕ್ಯಾಪೆಸಿಟಾಬಿನ್. ಇವುಗಳೊಡನೆ ಆಕ್ಸಾಲಿಪ್ಲಾಟಿನ್ ಅಥವಾ ಇರಿನೊಟೆಕಾನ್ ಸೇರುತ್ತದೆ. ಪೂರಕಗಳ ಪ್ರಶ್ನೆ ಈ ನಾಲ್ಕು ಹೆಸರುಗಳನ್ನು ಬಿಟ್ಟು ಚರ್ಚಿಸಬಹುದಾದದ್ದಲ್ಲ.

ಫೋಲಿಕ್ ಆಮ್ಲದ ಉದಾಹರಣೆ ಅತ್ಯಂತ ಬೋಧಪ್ರದ. ಫ್ಲೋರೋಯುರಾಸಿಲ್ ಜೀವಕೋಶದಲ್ಲಿ ಡಿಎನ್‌ಎ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಫೋಲೇಟ್ ಇದ್ದಾಗ ಆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಇದನ್ನು ತಿಳಿದೇ ವೈದ್ಯರು ಫ್ಲೋರೋಯುರಾಸಿಲ್ ಜೊತೆ ಲ್ಯೂಕೊವೊರಿನ್ ಎಂಬ ಫೋಲೇಟ್ ರೂಪವನ್ನು ಅಳೆದು ಕೊಡುತ್ತಾರೆ. ಕ್ಯಾಪೆಸಿಟಾಬಿನ್ ನುಂಗುತ್ತಿರುವ ರೋಗಿ ತಾನಾಗಿಯೇ ಫೋಲಿಕ್ ಆಮ್ಲವನ್ನು ಸೇರಿಸಿಕೊಂಡರೆ ಅದೇ ಬಿಗಿತ ಅಳತೆಯಿಲ್ಲದೆ ನಡೆಯುತ್ತದೆ. ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲುಗಳ ಚರ್ಮ ಸುಲಿಯುವಿಕೆ ತೀವ್ರವಾಗಬಹುದು. ಸಾಮಾನ್ಯ ಮಲ್ಟಿವಿಟಮಿನ್ ಮಾತ್ರೆಯಲ್ಲಿ 400 ಮೈಕ್ರೋಗ್ರಾಂವರೆಗೂ ಫೋಲಿಕ್ ಆಮ್ಲವಿರುತ್ತದೆ. ಭಾರತದ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಾತ್ರೆ 5 ಮಿಲಿಗ್ರಾಂನದು, ಅಂದರೆ ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಅಮೆರಿಕದಲ್ಲಿ 1998ರಿಂದ ಗೋಧಿಹಿಟ್ಟು ಮೊದಲಾದ ಧಾನ್ಯೋತ್ಪನ್ನಗಳಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯ. ಅಲ್ಲಿನ ರೋಗಿಗಳಲ್ಲಿ ಕ್ಯಾಪೆಸಿಟಾಬಿನ್‌ನ ಅಡ್ಡಪರಿಣಾಮ ಹೆಚ್ಚಾಗಿ ಕಾಣಲು ಇದೂ ಒಂದು ಕಾರಣವಿರಬಹುದೆಂದು ತಜ್ಞರು ಊಹಿಸಿದ್ದಾರೆ. ಊಟದ ಸೊಪ್ಪು, ಬೇಳೆಗಳನ್ನು ಇದಕ್ಕಾಗಿ ಬಿಡಬೇಕಾಗಿಲ್ಲ. ಪ್ರಶ್ನೆಯಿರುವುದು ಮಾತ್ರೆಯದು.

ಇರಿನೊಟೆಕಾನ್‌ನ ಉದಾಹರಣೆ ಇದಕ್ಕೆ ವಿರುದ್ಧ ದಿಕ್ಕಿನದು. ಮನಸ್ಸಿನ ಖಿನ್ನತೆಗೆಂದು ಪಾಶ್ಚಾತ್ಯ ದೇಶಗಳಲ್ಲಿ ಮಾರಾಟವಾಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಈ ಮೂಲಿಕೆ ಸೇವಿಸಿದವರ ರಕ್ತದಲ್ಲಿ ಇರಿನೊಟೆಕಾನ್‌ನ ಸಕ್ರಿಯ ರೂಪ ಶೇಕಡಾ 42ರಷ್ಟು ತಗ್ಗಿತು. ಇಲ್ಲಿ ರೋಗಿಗೆ ಯಾವ ತೊಂದರೆಯೂ ಗೋಚರಿಸುವುದಿಲ್ಲ. ಅಡ್ಡಪರಿಣಾಮ ಕಡಿಮೆಯಾಯಿತೆಂದು ಸಂತೋಷವೂ ಆಗಬಹುದು. ಕುಂದಿರುವುದು ಚಿಕಿತ್ಸೆಯ ಬಲ.

ವಾರ್ಫರಿನ್ ಎಂಬ ರಕ್ತ ತೆಳುಗೊಳಿಸುವ ಔಷಧವನ್ನು ತೆಗೆದುಕೊಳ್ಳುವವರಲ್ಲಿ ಕ್ಯಾಪೆಸಿಟಾಬಿನ್ ಒಂದೇ ರಕ್ತಸ್ರಾವದ ಅಪಾಯವನ್ನು ಏರಿಸಬಲ್ಲದು. ಅದರ ಮೇಲೆ ಬೆಳ್ಳುಳ್ಳಿ ಸತ್ತ್ವ, ಗಿಂಕೊ, ಹೆಚ್ಚಿನ ಪ್ರಮಾಣದ ವಿಟಮಿನ್ ಇ ಸೇರಿದರೆ ಅಪಾಯ ಇನ್ನೂ ಹೆಚ್ಚು. ಇದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಮೂಲಿಕೆಯ ಪೂರಕಗಳನ್ನು ನಿಲ್ಲಿಸಲು ಅರಿವಳಿಕೆ ತಜ್ಞರು ಹೇಳುತ್ತಾರೆ. ಸಾರಿನ ಒಗ್ಗರಣೆಯ ಬೆಳ್ಳುಳ್ಳಿಗೆ ಈ ನಿಷೇಧವಿಲ್ಲ.

ನಮ್ಮ ಮನೆಗಳ ಮೂಲಿಕೆಗಳು

ಅಡುಗೆಯ ಅರಿಸಿನಕ್ಕೂ ಅರಿಸಿನದ ಕ್ಯಾಪ್ಸೂಲಿಗೂ ಬಹಳ ಅಂತರವಿದೆ. ಅರಿಸಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದುದರಿಂದಲೇ ತಯಾರಕರು ಮೆಣಸಿನ ಪೈಪರೀನನ್ನು ಬೆರೆಸಿ ಹೀರಿಕೆಯನ್ನು ಹೆಚ್ಚಿಸುತ್ತಾರೆ. ಪೈಪರೀನ್ ಹಲವು ಔಷಧಗಳ ವಿಘಟನೆಯನ್ನೂ ತಡೆಯಬಲ್ಲದು. ಇಂತಹ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಅಮೃತಬಳ್ಳಿಯ ವಿಷಯದಲ್ಲಿ 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಕೋವಿಡ್ ಕಾಲದ ಬಳಕೆಯಿಂದಾದ ಹಾನಿಯನ್ನು ವರದಿ ಮಾಡಿದರು. ಭಾರತದ ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ. ಅಶ್ವಗಂಧದಿಂದಲೂ ಯಕೃತ್ತಿನ ಉರಿಯೂತದ ವರದಿಗಳಿವೆ. ಇಂಥವು ಒಟ್ಟು ಬಳಕೆದಾರರಲ್ಲಿ ವಿರಳವೇ ಸರಿ. ಆದರೆ ಕೀಮೋ ಪಡೆಯುತ್ತಿರುವವರಲ್ಲಿ ಪರಿಣಾಮ ಬೇರೆ. ಯಕೃತ್ತಿನ ಕಿಣ್ವಗಳು ಏರಿದರೆ ಕೀಮೋ ಮುಂದೂಡಲ್ಪಡುತ್ತದೆ. ಕರುಳಿನ ಕ್ಯಾನ್ಸರ್ ಮೊದಲು ಹರಡುವ ತಾಣ ಹೆಚ್ಚಾಗಿ ಯಕೃತ್ತೇ ಆದ್ದರಿಂದ, ಕಾರಣ ತಿಳಿಯದೆ ಸ್ಕ್ಯಾನುಗಳ ಸರಣಿಯೂ ಮನೆಮಂದಿಯ ನಿದ್ರೆಗೇಡೂ ಆರಂಭವಾಗುತ್ತವೆ.

ತ್ರಿಫಲ ಮತ್ತು ಸೋನಾಮುಖಿ ಭೇದಿಕಾರಕಗಳು. ಇರಿನೊಟೆಕಾನ್ ಅಥವಾ ಕ್ಯಾಪೆಸಿಟಾಬಿನ್‌ನಿಂದ ಭೇದಿಯಾಗುತ್ತಿರುವಾಗ ಇವು ನೀರು ಮತ್ತು ಲವಣಗಳ ನಷ್ಟವನ್ನು ಹೆಚ್ಚಿಸುತ್ತವೆ. ಅತಿಮಧುರ ಹೆಚ್ಚಾದರೆ ರಕ್ತದ ಪೊಟ್ಯಾಸಿಯಂ ತಗ್ಗುತ್ತದೆ, ರಕ್ತದೊತ್ತಡ ಏರುತ್ತದೆ. ಭೇದಿಯಿಂದ ಆಗಲೇ ಪೊಟ್ಯಾಸಿಯಂ ಕಳೆದುಕೊಂಡವರ ಹೃದಯದ ಲಯಕ್ಕೆ ಇದು ಕೇಡು. ಲಕ್ಷ್ಮಣಫಲ ಕ್ಯಾನ್ಸರನ್ನು ಗುಣಪಡಿಸುತ್ತದೆಂಬ ಸಂದೇಶಗಳು ಆಗಾಗ ಮೊಬೈಲುಗಳಲ್ಲಿ ಸುತ್ತುತ್ತವೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಜೀವಕೋಶಗಳನ್ನು ಕೊಂದದ್ದೆಲ್ಲ ಮನುಷ್ಯರಲ್ಲಿ ಔಷಧವಾಗುವುದಿಲ್ಲ. ಈ ಗಿಡದ ಎಲೆ, ಹಣ್ಣುಗಳ ದೀರ್ಘಕಾಲದ ಸೇವನೆಗೂ ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ ಕಂಡ ಪಾರ್ಕಿನ್ಸನ್ ಮಾದರಿಯ ನರರೋಗಕ್ಕೂ ನಂಟಿರುವುದನ್ನು 1999ರಲ್ಲಿಯೇ ವೈದ್ಯರು ಗುರುತಿಸಿದ್ದಾರೆ. ಮಲೆನಾಡಿನ ನಾಟಿವೈದ್ಯರು ಕೊಡುವ ತೊಗಟೆಯ ಪುಡಿಗಳ ವಿಷಯದಲ್ಲಿ ತೊಡಕು ಇನ್ನೂ ಮೂಲಭೂತವಾದದ್ದು: ಪೊಟ್ಟಣದಲ್ಲಿ ಯಾವ ಮರದ ತೊಗಟೆ ಇದೆ ಎಂಬುದೇ ತಿಳಿಯದಿರುವಾಗ ಘರ್ಷಣೆಯನ್ನು ಯಾರೂ ಲೆಕ್ಕಹಾಕಲಾರರು.

ಭಸ್ಮ ಮತ್ತು ರಸೌಷಧಗಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. 2008ರಲ್ಲಿ ಅಂತರಜಾಲದ ಮೂಲಕ ಕೊಂಡ 193 ಉತ್ಪನ್ನಗಳ ಪರೀಕ್ಷೆಯಲ್ಲಿಯೂ ಸುಮಾರು ಐದರಲ್ಲೊಂದು ಹಾಗೆಯೇ ಇತ್ತು. ಅಮೆರಿಕದಲ್ಲಿ ತಯಾರಾದವೂ ಇದಕ್ಕೆ ಹೊರತಾಗಿರಲಿಲ್ಲ. ಸೀಸದ ವಿಷದ ಲಕ್ಷಣಗಳು ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ನರದೌರ್ಬಲ್ಯ. ಕರುಳಿನ ಕ್ಯಾನ್ಸರ್ ಇರುವವರಲ್ಲಿ ಈ ನಾಲ್ಕನ್ನೂ ಎಲ್ಲರೂ ರೋಗದ ಅಥವಾ ಚಿಕಿತ್ಸೆಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಭಸ್ಮದ ಸಂಗತಿಯನ್ನು ರೋಗಿ ಹೇಳಿದರೆ ಮಾತ್ರ ರಕ್ತದ ಸೀಸ ಪರೀಕ್ಷೆಯ ಯೋಚನೆ ವೈದ್ಯರಿಗೆ ಹೊಳೆಯುತ್ತದೆ.

ಅಮೆರಿಕದ 1994ರ ಕಾನೂನಿನಂತೆ ಪೂರಕಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ಎಫ್‌ಡಿಎ ಅನುಮೋದನೆ ಬೇಕಾಗಿಲ್ಲ. ಡಬ್ಬಿಯ ಮೇಲಿನ ಹೆಸರು ಒಳಗಿನ ವಸ್ತುವಿಗೆ ಖಾತರಿಯಲ್ಲ. ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಮುದ್ರೆ ಇದ್ದರೆ ಒಳಗಿನ ವಸ್ತು ಮತ್ತು ಪ್ರಮಾಣವನ್ನು ಸ್ವತಂತ್ರ ಸಂಸ್ಥೆ ಪರೀಕ್ಷಿಸಿದೆ ಎಂದರ್ಥ. ಆ ವಸ್ತುವಿನಿಂದ ರೋಗ ವಾಸಿಯಾಗುತ್ತದೆಂದು ಆ ಮುದ್ರೆ ಹೇಳುವುದಿಲ್ಲ.

ವಿಟಮಿನ್‌ಗಳು: ಕೊರತೆ ಬೇರೆ, ಹೇರಿಕೆ ಬೇರೆ

ಎರಡು ನೊಬೆಲ್ ಪ್ರಶಸ್ತಿಗಳನ್ನು ಪಡೆದ ಲೈನಸ್ ಪಾಲಿಂಗ್ 1970ರ ದಶಕದಲ್ಲಿ ವಿಟಮಿನ್ ಸಿಯನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಪ್ರತಿಪಾದಿಸಿದರು. ಮೇಯೋ ಕ್ಲಿನಿಕ್‌ನ ವೈದ್ಯರು ಇದನ್ನು ಪರೀಕ್ಷಿಸಲು ಆರಿಸಿದ್ದು ಕರುಳಿನ ಕ್ಯಾನ್ಸರನ್ನೇ. ಮುಂದುವರಿದ ಹಂತದ 100 ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ, ಇನ್ನೊಂದಕ್ಕೆ ಹುಸಿಮಾತ್ರೆ ಕೊಡಲಾಯಿತು. 1985ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಾವ ಲಾಭವೂ ಕಾಣಲಿಲ್ಲ. ರಕ್ತನಾಳದ ಮೂಲಕ ಅತಿಹೆಚ್ಚು ಪ್ರಮಾಣದಲ್ಲಿ ಕೊಡುವ ಚಿಕಿತ್ಸಾಲಯಗಳು ಇಂದಿಗೂ ಇವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಅದು ಕೆಂಪುರಕ್ತಕಣಗಳನ್ನು ಒಡೆಯಬಲ್ಲದು. ಈ ಕೊರತೆ ಭಾರತೀಯರ ಕೆಲವು ಸಮುದಾಯಗಳಲ್ಲಿ ಅಪರೂಪವಲ್ಲ.

ವಿಟಮಿನ್ ಡಿ ಕುರಿತು 2019ರಲ್ಲಿ ಪ್ರಕಟವಾದ, 139 ರೋಗಿಗಳ ಪ್ರಯೋಗ ಆಶೆ ಹುಟ್ಟಿಸಿತ್ತು. ನಂತರದ ದೊಡ್ಡ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣ ರೋಗದ ಮುನ್ನಡೆಯನ್ನು ತಡೆಯಲಿಲ್ಲ. ರಕ್ತದಲ್ಲಿ ಕೊರತೆಯಿದ್ದರೆ ಮೂಳೆಗಳ ಸಲುವಾಗಿ ತುಂಬಿಕೊಳ್ಳಬೇಕು. ಕ್ಯಾನ್ಸರ್‌ಗೆ ಮದ್ದೆಂದು ರಾಶಿಗಟ್ಟಲೆ ನುಂಗಲು ಆಧಾರವಿಲ್ಲ.

ಆಕ್ಸಾಲಿಪ್ಲಾಟಿನ್‌ನಿಂದ ಕೈಕಾಲುಗಳು ಜೋಮು ಹಿಡಿಯುವುದು ಸಾಮಾನ್ಯ. ಇದಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ದ್ರವ ಕೊಡುವ ರೂಢಿ ಇತ್ತು. 2014ರ ದೊಡ್ಡ ಪ್ರಯೋಗ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ನರಗಳಿಗೆ ಒಳ್ಳೆಯದೆಂದು ಮಾರುವ ಅಸಿಟೈಲ್ ಕಾರ್ನಿಟಿನ್, ಸ್ತನ ಕ್ಯಾನ್ಸರ್ ರೋಗಿಗಳ ಪ್ರಯೋಗವೊಂದರಲ್ಲಿ ಜೋಮನ್ನು ಹೆಚ್ಚಿಸಿತು. ವಿಟಮಿನ್ ಬಿ6 ಅತಿಯಾದರೆ ತಾನೇ ನರಗಳನ್ನು ಕೆಡಿಸುತ್ತದೆ. ಆದರೆ ಬಿ12ರ ಮಾತು ಬೇರೆ. ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಬಲಭಾಗದ ಕರುಳಿನೊಡನೆ ಸಣ್ಣ ಕರುಳಿನ ತುದಿಯನ್ನೂ ಕತ್ತರಿಸಿ ತೆಗೆದವರಲ್ಲಿ ಬಿ12 ಕೊರತೆ ಸಂಭವನೀಯ. ಅದರಿಂದಲೂ ಜೋಮು ಬರುತ್ತದೆ. ಕನ್ನಡಿಗರ ಮನೆಯಲ್ಲಿ ಈ ಮೂರೂ ಒಬ್ಬರಲ್ಲೇ ಕೂಡಿಬರುವುದು ಅಸಹಜವಲ್ಲ. ಒಂದು ರಕ್ತಪರೀಕ್ಷೆ ಇದನ್ನು ತಿಳಿಸಬಲ್ಲದು. ಕೇಳಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆ ಇದು.

ಕಬ್ಬಿಣಾಂಶದ ಕೊರತೆ ಈ ರೋಗದಲ್ಲಿ ಸಹಜ, ಏಕೆಂದರೆ ಗಡ್ಡೆಯಿಂದ ರಕ್ತ ಕಣ್ಣಿಗೆ ಕಾಣದಂತೆ ಸೋರುತ್ತಿರುತ್ತದೆ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ, ಮಲಬದ್ಧತೆ ತರುತ್ತದೆ. ಕಪ್ಪು ಮಲ ರಕ್ತಸ್ರಾವದ ಚಿಹ್ನೆಯೂ ಆಗಿರುವುದರಿಂದ ಮಾತ್ರೆಯ ವಿಷಯ ವೈದ್ಯರಿಗೆ ತಿಳಿದಿರಬೇಕು. ಕೆಲವರಿಗೆ ರಕ್ತನಾಳದ ಮೂಲಕ ಕೊಡುವುದೇ ಉಚಿತ. ಸೆಟುಕ್ಸಿಮಾಬ್ ಪಡೆಯುವವರಲ್ಲಿ ಮೆಗ್ನೀಸಿಯಂ ಕುಸಿಯುತ್ತದೆ, ಅದನ್ನು ಅಳೆದು ತುಂಬಬೇಕಾಗುತ್ತದೆ. ಪೂರಕಗಳೆಲ್ಲವೂ ಅನಗತ್ಯವೆಂದು ಭಾವಿಸಬಾರದು ಎಂಬುದಕ್ಕೆ ಇವು ಸಾಕ್ಷಿ. ಇನ್ನು ಕೂದಲಿನ ಪೋಷಣೆಗೆಂದು ಕೊಳ್ಳುವ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದೆಂದು ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ. ಸಿಇಎ ಪರೀಕ್ಷೆಯ ಮುನ್ನ ಬಯೋಟಿನ್ ಸೇವನೆಯನ್ನು ತಿಳಿಸಬೇಕು.

ತಟ್ಟೆಯ ಪ್ರಶ್ನೆ

ಪೂರಕಗಳ ಚರ್ಚೆಯಲ್ಲಿ ಮರೆಯಾಗುವುದು ಊಟ. ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 25ರಿಂದ 30 ಕಿಲೋಕ್ಯಾಲರಿ ಶಕ್ತಿ ಮತ್ತು 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿ. 60 ಕಿಲೋ ತೂಕದವರಿಗೆ ಇದು 60ರಿಂದ 90 ಗ್ರಾಂ ಪ್ರೋಟೀನ್. ತಿಳಿಸಾರು ಅನ್ನ, ಮಜ್ಜಿಗೆ ಅನ್ನಗಳಿಂದ ಇದು ಪೂರೈಸದು. ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ 18 ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 6ರಿಂದ 7 ಗ್ರಾಂ ಪ್ರೋಟೀನ್ ಇರುತ್ತದೆ. 'ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ' ಎಂದು ಅನ್ನ, ಹಣ್ಣುಗಳನ್ನೂ ಬಿಟ್ಟು, ಉಪವಾಸ ಹಿಡಿದು ತೂಕ ಕಳೆದುಕೊಂಡವರಲ್ಲಿ ಸ್ನಾಯು ಕರಗುತ್ತದೆ, ಕೀಮೋವನ್ನು ತಾಳುವ ಶಕ್ತಿ ಕುಂದುತ್ತದೆ.

ಹೊಟ್ಟೆಯ ಮೇಲೆ ಸಣ್ಣ ಕರುಳಿನ ಸ್ಟೋಮಾ ಇರುವವರು ಬರೀ ನೀರನ್ನು ಹೆಚ್ಚಾಗಿ ಕುಡಿದರೆ ಸೋಡಿಯಂ ಇನ್ನಷ್ಟು ಕೊಚ್ಚಿಹೋಗಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಕಡಿಮೆ. ಅಂಥವರಿಗೆ ಬೇಕಾದದ್ದು ಉಪ್ಪು, ಸಕ್ಕರೆ ಬೆರೆತ ಪುನರ್ಜಲೀಕರಣ ದ್ರಾವಣ. ಬಿಳಿರಕ್ತಕಣಗಳು ಕುಸಿದಿರುವ ದಿನಗಳಲ್ಲಿ ಹಸಿ ಮೊಳಕೆಕಾಳು, ಹಸಿ ಗೋಧಿಹುಲ್ಲಿನ ರಸ, ಗೋಮೂತ್ರ ಇವು ಸೋಂಕಿನ ದಾರಿಗಳು. ಪ್ರೋಬಯಾಟಿಕ್ ಕ್ಯಾಪ್ಸೂಲುಗಳ ಸೂಕ್ಷ್ಮಾಣುಗಳೂ ಆಗ ರಕ್ತಕ್ಕೆ ಸೇರಿದ ನಿದರ್ಶನಗಳಿವೆ. ಮೊಳಕೆಕಾಳನ್ನು ಚೆನ್ನಾಗಿ ಬೇಯಿಸಿದರೆ ಅಪಾಯ ತಗ್ಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ರಾಗಿ, ಸೊಪ್ಪು, ಸಿಪ್ಪೆಯ ಕಾಳುಗಳಿಗೆ ಯಾವಾಗ ಮರಳಬೇಕೆಂಬುದನ್ನು ಆಸ್ಪತ್ರೆಯ ಆಹಾರತಜ್ಞರು ನಿರ್ಧರಿಸಬೇಕು. ಅವರ ಭೇಟಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಮಾತು ಆರಂಭಿಸುವ ಬಗೆ

ಮುಂದಿನ ಭೇಟಿಗೆ ಮುನ್ನ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ: ಮಾತ್ರೆ, ಪುಡಿ, ಕಷಾಯ, ಲೇಹ್ಯ, ಹೋಮಿಯೋಪಥಿ, ಪ್ರೋಟೀನ್ ಪುಡಿ. ಪ್ರತಿಯೊಂದರ ಎದುರು ಪ್ರಮಾಣ, ದಿನಕ್ಕೆ ಎಷ್ಟು ಬಾರಿ, ಎಂದಿನಿಂದ, ಯಾವ ಕಾರಣಕ್ಕೆ ಎಂಬುದಿರಲಿ. ಡಬ್ಬಿಯ ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ. ಮೂಲಿಕೆಗಳ ಸಸ್ಯಶಾಸ್ತ್ರೀಯ ಹೆಸರು ಬರೆಯಿರಿ: ಅಮೃತಬಳ್ಳಿ ಟಿನೋಸ್ಪೋರಾ ಕಾರ್ಡಿಫೋಲಿಯಾ, ಅಶ್ವಗಂಧ ವಿಥಾನಿಯಾ ಸೋಮ್ನಿಫೆರಾ, ಅರಿಸಿನ ಕರ್ಕ್ಯುಮಾ ಲಾಂಗಾ. ಆ ಹೆಸರಿನಿಂದ ಔಷಧತಜ್ಞರು ಘರ್ಷಣೆಯನ್ನು ಹುಡುಕಬಲ್ಲರು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆ ನಡೆಸುವ ಮೂಲಿಕೆಗಳ ಮಾಹಿತಿಕೋಶದಲ್ಲಿ ನಮ್ಮ ಹಲವು ಗಿಡಗಳ ವಿವರವೂ ಇದೆ.

ವೈದ್ಯರಿಗೆ ನೇರವಾಗಿ ಐದು ಪ್ರಶ್ನೆಗಳನ್ನು ಕೇಳಬಹುದು. ಇವುಗಳಲ್ಲಿ ಯಾವುದು ನನ್ನ ಕೀಮೋದೊಡನೆ ಘರ್ಷಿಸುತ್ತದೆ? ಶಸ್ತ್ರಚಿಕಿತ್ಸೆಗೆ ಅಥವಾ ವಿಕಿರಣಕ್ಕೆ ಮುನ್ನ ಯಾವುದನ್ನು, ಎಷ್ಟು ದಿನ ಮೊದಲು ನಿಲ್ಲಿಸಬೇಕು? ನನ್ನ ಬಿ12, ವಿಟಮಿನ್ ಡಿ, ಕಬ್ಬಿಣದ ಮಟ್ಟಗಳನ್ನು ಅಳೆದಿದ್ದೀರಾ? ಚಿಕಿತ್ಸೆ ಮುಗಿದ ಮೇಲೆ ಯಾವುದನ್ನು ಮತ್ತೆ ಆರಂಭಿಸಬಹುದು? ಹೊಸದೊಂದನ್ನು ಸೇರಿಸುವ ಮುನ್ನ ನಾನು ಯಾರಿಗೆ ಕರೆ ಮಾಡಬೇಕು? ವಿಕಿರಣ ಮತ್ತು ಕೀಮೋ ನಡೆಯುವಾಗ ಹೆಚ್ಚಿನ ಪ್ರಮಾಣದ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಅವು ಆರೋಗ್ಯವಂತ ಕೋಶಗಳ ಜೊತೆಗೆ ಗಡ್ಡೆಯ ಕೋಶಗಳನ್ನೂ ಕಾಪಾಡಬಹುದೆಂಬ ಆತಂಕ ಇದಕ್ಕೆ ಕಾರಣ.

'ಬೇಡ' ಎಂಬ ಉತ್ತರ ಬಂದರೆ ಕಾರಣ ಕೇಳುವುದು ರೋಗಿಯ ಹಕ್ಕು. 'ಈ ಮೂರು ತಿಂಗಳು ಬೇಡ' ಎಂಬುದಕ್ಕೂ 'ಎಂದಿಗೂ ಬೇಡ' ಎಂಬುದಕ್ಕೂ ವ್ಯತ್ಯಾಸವಿದೆ. ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳಿದರೆ ಅವರು ಒಪ್ಪುತ್ತಾರೆ. ಕಷಾಯದ ಬದಲು ಗಟ್ಟಿ ತೊವ್ವೆ, ಪನೀರು, ಮೊಟ್ಟೆ, ಬಾದಾಮಿ ಹಾಲು ಕೊಡುವ ಕೆಲಸವನ್ನು ಅವರಿಗೆ ಒಪ್ಪಿಸಿದರೆ ಉಣಿಸುವ ಕೈ ಬರಿದಾಗುವುದಿಲ್ಲ.

ಕೊನೆಯದಾಗಿ, ಊರಿನಲ್ಲಿರುವ ತಂದೆತಾಯಿಯರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ, ಸೂಟ್‌ಕೇಸಿನಲ್ಲಿ ವಿಟಮಿನ್ ಡಬ್ಬಿಗಳನ್ನು ಒಯ್ಯುವ ಮಕ್ಕಳು ಮೊದಲು ಅಲ್ಲಿನ ವೈದ್ಯರನ್ನು ಕೇಳಬೇಕು. ಜನದಟ್ಟಣೆಯ ಆ ಹೊರರೋಗಿ ವಿಭಾಗಗಳಲ್ಲಿ ಮಾತಿಗೆ ಸಿಗುವ ಸಮಯ ಕೆಲವೇ ನಿಮಿಷ. ಅಂದವಾಗಿ ಬರೆದ ಒಂದು ಪಟ್ಟಿ ಆ ನಿಮಿಷಗಳಲ್ಲಿಯೂ ಕೆಲಸ ಮಾಡುತ್ತದೆ. ದೂರದಲ್ಲಿರುವ ಮಕ್ಕಳು ಕಳುಹಿಸಬಹುದಾದ ವಸ್ತುಗಳಲ್ಲಿ ಆ ಪಟ್ಟಿಯೇ ಹೆಚ್ಚು ಉಪಯುಕ್ತವಾದದ್ದು.